ತತ್ವಪದ ಸಂಗ್ರಹ ಮತ್ತು ಸಂಪಾದನೆ: ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಕೆಲಸ ಮಾಡುವವರಿಗೆ

ಗುರುಬೋಧೆ, ಅನುಭಾವವನ್ನು ಜನರ ಮಾತಿನಲ್ಲಿ ಹೇಳುವ ಹಾಡಾದ ತತ್ವಪದವನ್ನು ಹಾಳೆಯ ಮೇಲಿನ ಕವಿತೆ ಎಂದು ತಿಳಿದು ಹೊರಟವರ ಪ್ರಬಂಧ ಅರ್ಧ ದಾರಿಯಲ್ಲೇ ಸೊರಗುತ್ತದೆ. ಪದ ಬದುಕಿರುವುದು ಹಾಡುವವರ ಬಾಯಲ್ಲಿ, ಅವರ ಗುರುಮನೆಯಲ್ಲಿ, ಅಮಾವಾಸ್ಯೆಯ ರಾತ್ರಿ ಕೂಡುವ ಭಜನಾ ಮೇಳದಲ್ಲಿ. ಯಾರು ಹಾಡಿದರು, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡಿದರು ಎಂಬ ಮೂರು ಸಂಗತಿಗಳು ಜೊತೆಗಿಲ್ಲದ ಪಾಠವನ್ನು (ಪದದ ಒಂದು ರೂಪವನ್ನು) ಮುಂದೆ ಯಾರೂ ಪರೀಕ್ಷಿಸಲಾರರು. ಪರೀಕ್ಷೆಗೆ ಸಿಗದದ್ದನ್ನು ಸಂಶೋಧನೆ ಎನ್ನಲು ಬರುವುದಿಲ್ಲ. ಆ ಮೂರನ್ನೂ ಕಳೆದುಕೊಳ್ಳದಂತೆ ಪದವನ್ನು ತರುವುದು, ಬರೆದುಕೊಳ್ಳುವುದು, ಸಂಪಾದಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. ‘ಕಲ್ಯಾಣ ಕರ್ನಾಟಕದ ತತ್ವಪದಗಳು: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆ ಇಟ್ಟುಕೊಂಡರೆ ಪ್ರತಿ ಅಧ್ಯಾಯವೂ ಪರಿಚಯವಾಗಿಯೇ ಮುಗಿಯುತ್ತದೆ. ಅದರ ಬದಲು, ಯಡ್ರಾಮಿ ತಾಲ್ಲೂಕಿನ ನಾಲ್ಕೈದು ಮೇಳಗಳಲ್ಲಿ ಒಬ್ಬ ಪದಕಾರನ ಇಪ್ಪತ್ತು ಪದಗಳು ಹೇಗೆ ಬದಲಾಗಿವೆ ಎಂದು ಕೇಳಿ. ಅಥವಾ ಸುರಪುರ ಭಾಗದ ಮೊಹರಂ ಪದಗಳಲ್ಲೂ ಮಠದ ಭಜನೆಯಲ್ಲೂ ಬರುವ ಸಮಾನ ಪರಿಭಾಷೆ ಯಾವುದು ಎಂದು ಕೇಳಿ. ಇಪ್ಪತ್ತು ಪದಗಳಿಗೆ ನಾಲ್ಕು ಮೇಳಗಳ ಪಾಠ ಸಿಕ್ಕರೆ ಎಂಬತ್ತು ಪಾಠಗಳಾದವು. ಒಬ್ಬರು ಕೂತು ಚೊಕ್ಕವಾಗಿ ಮಾಡಬಹುದಾದ ಕೆಲಸ ಅಷ್ಟೇ.

ಊರಿಗೆ ಹೋಗುವ ಮೊದಲು ಮುದ್ರಿತವಾದದ್ದನ್ನು ನೋಡಿ ಮುಗಿಸಬೇಕು. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ತಂದಿರುವ ಸಮಗ್ರ ತತ್ವಪದ ಸಂಪುಟಗಳು ಮೊದಲ ಮೆಟ್ಟಿಲು. ಗುಲಬರ್ಗಾ ವಿಶ್ವವಿದ್ಯಾಲಯದ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಹಳೆಯ ಪಿಎಚ್‌.ಡಿ., ಎಂ.ಫಿಲ್‌. ಪ್ರಬಂಧಗಳನ್ನೂ ಕೇಳಿ ನೋಡಿ. ಜಾತ್ರೆಯಲ್ಲಿ ಮಾರುವ ಚಿಕ್ಕ ಭಜನಾ ಪುಸ್ತಕಗಳನ್ನು ಕಡೆಗಣಿಸಬೇಡಿ. ಅವುಗಳ ಮುದ್ರಣ ತಪ್ಪುಗಳೇ ಎಷ್ಟೋ ಸಲ ಹಾಡುವವರ ಬಾಯಿಗೂ ಸೇರಿರುತ್ತವೆ. ನೀವು ಹುಡುಕುವ ಪ್ರತಿ ಪದದ ಪಲ್ಲವಿಯ ಮೊದಲ ಸಾಲನ್ನು ಅಕಾರಾದಿಯಲ್ಲಿ ಬರೆದಿಟ್ಟ ಒಂದು ಸೂಚಿ ಕೈಯಲ್ಲಿರಲಿ. ಹಾಡಿನ ನಡುವೆ ‘ಇದು ಮುದ್ರಣದಲ್ಲಿದೆಯೇ’ ಎಂದು ತಕ್ಷಣ ನೋಡಲು ಇದೊಂದೇ ಸಾಧನ.

ಊರಿನ ಹೆಸರಿನಲ್ಲಿ ಎಡವುವವರು ಬಹಳ. ಯಾದಗಿರಿ ಜಿಲ್ಲೆ ಗುಲಬರ್ಗಾದಿಂದ ಬೇರೆಯಾದದ್ದು 2009ರ ಕೊನೆಗೆ. ಗುಲಬರ್ಗಾ ಕಲಬುರಗಿ ಆದದ್ದು 2014ರಲ್ಲಿ. ಆಮೇಲೆ ಯಡ್ರಾಮಿ, ಕಾಳಗಿ, ಕಮಲಾಪುರ, ಶಹಾಬಾದ, ಹುಣಸಗಿ, ವಡಗೇರಾ, ಗುರುಮಠಕಲ್, ಹುಲಸೂರು, ಚಿಟಗುಪ್ಪ, ಕಮಲನಗರ ಹೊಸ ತಾಲ್ಲೂಕುಗಳಾದವು. ಹಳೆಯ ಪುಸ್ತಕ ‘ಜೇವರ್ಗಿ ತಾಲ್ಲೂಕು’ ಎಂದಿರುವ ಊರು ಇವತ್ತು ಯಡ್ರಾಮಿಯಲ್ಲಿರಬಹುದು. ಒಂದೇ ಹೆಸರಿನ ಎರಡು ಊರುಗಳೂ ಉಂಟು. ಆದ್ದರಿಂದ ಊರು, ಹೋಬಳಿ, ಹಳೆಯ ತಾಲ್ಲೂಕು, ಈಗಿನ ತಾಲ್ಲೂಕು, ಜಿಲ್ಲೆ ಐದನ್ನೂ ಬರೆದುಕೊಳ್ಳಿ.

ಮೇಳದ ಹಿರಿಯರನ್ನು ಹಗಲಿನಲ್ಲಿ ಹೋಗಿ ಕಾಣಬೇಕು. ಮೊದಲ ಭೇಟಿಗೆ ರೆಕಾರ್ಡರ್ ತೆಗೆಯಲೇಬಾರದು. ಏನು ಮಾಡುತ್ತೀರಿ, ಧ್ವನಿ ಎಲ್ಲಿ ಉಳಿಯುತ್ತದೆ, ಯಾರ ಹೆಸರು ಬರುತ್ತದೆ, ಹಣ ಬರುವ ಪ್ರಕಟಣೆಯೋ ಅಲ್ಲವೋ ಎಂಬುದನ್ನು ಅವರ ಮಾತಿನಲ್ಲೇ ಹೇಳಿ. ಕೆಲವು ಪದಗಳು ಗುರುಬೋಧೆಗೆ ಸೇರಿದವು. ದೀಕ್ಷೆ ಪಡೆದವರ ನಡುವೆ ಮಾತ್ರ ಹಾಡುವಂಥವು. ‘ಇದು ಬರೀಬ್ಯಾಡ್ರಿ’ ಎಂದರೆ ಬರೆಯಬಾರದು. ಅಂಥ ಪದಗಳಿವೆ ಎಂಬ ಸಂಗತಿಯನ್ನು ಮಾತ್ರ, ಅವರು ಒಪ್ಪಿದರೆ, ದಾಖಲಿಸಬಹುದು. ಒಪ್ಪಿಗೆಯನ್ನು ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿಕೊಂಡರೆ ಸಾಕು. ಸಹಿಯ ಕಾಗದ ಮುಂದೆ ಹಿಡಿದರೆ ಹಿರಿಯರು ಹಿಂದೆ ಸರಿಯುತ್ತಾರೆ.

ಇನ್ನು ಧ್ವನಿಮುದ್ರಣ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ ಸೇರಿದಾಗ ಮಾತು ಮುಚ್ಚಿಹೋಗುತ್ತದೆ. ರೆಕಾರ್ಡರನ್ನು ಸ್ಪೀಕರ್ ಪೆಟ್ಟಿಗೆಯ ಮುಂದೆ ಇಡಬಾರದು. ಮುಂದಾಳು ಹಾಡುಗಾರರಿಂದ ಒಂದರಿಂದ ಒಂದೂವರೆ ಮೀಟರ್ ದೂರದಲ್ಲಿ, ತಾಳ ಹಿಡಿದವರಿಂದ ದೂರದ ಬದಿಗಿರುವಂತೆ, ಮಡಚಿದ ಟವೆಲಿನ ಮೇಲಿಡಿ. ಗುದ್ದಿದ ಸದ್ದು ನೆಲದ ಮೂಲಕ ಹತ್ತುವುದನ್ನು ಟವೆಲ್ ತಡೆಯುತ್ತದೆ. ವೇವ್ ಕಡತ, 48 ಕಿಲೋಹರ್ಟ್ಜ್, 24 ಬಿಟ್ ಎಂದು ಹೊಂದಿಸಿ. ಸ್ಟೀರಿಯೊದಲ್ಲಿ ಒಂದು ತಾಸಿಗೆ ಸುಮಾರು ಒಂದು ಜಿಬಿ ಬೇಕು. ರಾತ್ರಿಯಿಡೀ ನಡೆಯುವ ಭಜನೆಗೆ 16 ಜಿಬಿ ಕಾರ್ಡ್ ಧಾರಾಳ. ಮಟ್ಟವನ್ನು ಅತಿ ಜೋರಿನ ಜಾಗದಲ್ಲೂ ಮೈನಸ್ 12 ಡೆಸಿಬೆಲ್ ದಾಟದಂತೆ ಇಡಿ. ಧ್ವನಿ ಒಮ್ಮೆ ಒಡೆದರೆ ಆಮೇಲೆ ಸರಿಮಾಡುವ ಉಪಾಯ ಇಲ್ಲ, ಮೆಲ್ಲಗಾದದ್ದನ್ನು ಏರಿಸಿಕೊಳ್ಳಬಹುದು. ಮೊಬೈಲಿನಲ್ಲೇ ಮಾಡುವವರು ಏರೋಪ್ಲೇನ್ ಮೋಡ್ ಹಾಕಿ, ಸದ್ದು ತಗ್ಗಿಸುವ ಸೌಲಭ್ಯವನ್ನು ಬಂದ್ ಮಾಡಬೇಕು. ಅದು ಏಕತಾರಿಯ ನಾದವನ್ನೂ ಪದದ ಕೊನೆಯ ಸ್ವರಗಳನ್ನೂ ಗದ್ದಲವೆಂದು ತಿಳಿದು ಅಳಿಸುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಫೋನ್ ಕಾದು ತಾನೇ ನಿಂತುಬಿಡುವುದುಂಟು, ಅದಕ್ಕೇ ಎರಡನೆಯ ಸಾಧನವೊಂದು ಚಾಲೂ ಇರಲಿ.

ಪ್ರತಿ ಕಡತದ ಮೊದಲಿಗೆ ದಿನಾಂಕ, ಊರು, ಸ್ಥಳ, ಸಂದರ್ಭವನ್ನು ನಿಮ್ಮ ಬಾಯಿಂದ ಹೇಳಿ. ಕಡತದ ಹೆಸರೂ ವರ್ಷ, ತಿಂಗಳು, ದಿನ, ಊರು, ಸರಣಿ ಸಂಖ್ಯೆ ಎಂಬ ಕ್ರಮದಲ್ಲಿರಲಿ. ಅದೇ ದಿನ ಎರಡು ಕಡೆ ನಕಲು ಮಾಡಿಡಿ, ಆಮೇಲಷ್ಟೇ ಕಾರ್ಡನ್ನು ಖಾಲಿ ಮಾಡಿ.

ಮಾರನೆಯ ಮುಂಜಾನೆ ಅದೇ ಹಾಡುಗಾರರನ್ನು ಕೂರಿಸಿಕೊಂಡು, ವಾದ್ಯವಿಲ್ಲದೆ, ಪದವನ್ನು ಮಾತಿನಂತೆ ಹೇಳಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಬೇಕು. ಈ ಹೆಜ್ಜೆಯನ್ನು ಬಿಟ್ಟವರು ಬಹಳ ಕಳೆದುಕೊಳ್ಳುತ್ತಾರೆ. ಹಾಡುವಾಗ ತಾಳಕ್ಕಾಗಿ ಸೇರುವ ‘ಯಪ್ಪಾ’, ‘ತಮ್ಮಾ’, ‘ನೋಡೋ’ ಮುಂತಾದವು ಹೇಳುವಾಗ ಬಿದ್ದುಹೋಗುತ್ತವೆ. ಹಾಡುವಾಗ ಹೊತ್ತಾಯಿತೆಂದು ಬಿಟ್ಟ ನುಡಿಗಳು (ಚರಣಗಳು) ಹೇಳುವಾಗ ಮರಳಿ ಬರುತ್ತವೆ. ಎರಡೂ ಬೇಕು, ಒಂದರ ಬದಲಿಗೆ ಇನ್ನೊಂದಲ್ಲ. ಅದೇ ಕೂಟದಲ್ಲಿ ‘ಈ ಪದ ಯಾರ ಬಾಯಾಗ ಕಲತ್ರಿ?’ ಎಂದು ಕೇಳಿ. ಉತ್ತರ ಗುರುವಿನ ಹೆಸರಾಗಬಹುದು, ಮಾವನ ಹೆಸರಾಗಬಹುದು, ಕ್ಯಾಸೆಟ್ ಆಗಬಹುದು, ಯೂಟ್ಯೂಬ್ ಆಗಬಹುದು. ಮೂರು ಮೇಳಗಳೂ ಒಂದೇ ಕ್ಯಾಸೆಟ್ಟಿನಿಂದ ಕಲಿತಿದ್ದರೆ ನಿಮ್ಮ ಬಳಿ ಇರುವುದು ಮೂರು ಪಾಠವಲ್ಲ, ಒಂದೇ ಪಾಠ. ಇದನ್ನು ಕೇಳದೆ ‘ಮೂರೂ ಕಡೆ ಒಂದೇ ರೀತಿ ಇದೆ, ಆದ್ದರಿಂದ ಇದೇ ಮೂಲ’ ಎಂದು ಬರೆದರೆ ವಾದ ಬುಡದಿಂದಲೇ ಕುಸಿಯುತ್ತದೆ.

ಹಾಡುಗಾರರ ಮನೆಯಲ್ಲಿ ಪದ ಬರೆದಿಟ್ಟ ವಹಿಗಳಿರುತ್ತವೆ. ಅವನ್ನು ‘ಒಯ್ದು ತಂದುಕೊಡ್ತೀನಿ’ ಎನ್ನಬೇಡಿ. ಹೋದ ವಹಿ ಮರಳದೆ ಉಳಿದ ಕಾರಣಕ್ಕೇ ಎಷ್ಟೋ ಮನೆಗಳು ಈಗ ತೋರಿಸಲು ಹಿಂಜರಿಯುತ್ತವೆ. ಅಲ್ಲೇ, ಹಗಲಿನ ನೆರಳು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಕ್ಯಾಮೆರಾವನ್ನು ಪುಟಕ್ಕೆ ನೇರವಾಗಿ ಹಿಡಿದು ಚಿತ್ರ ತೆಗೆಯಿರಿ. ಪುಟದ ಪಕ್ಕ ಒಂದು ಸ್ಕೇಲ್ ಇರಲಿ. ರಟ್ಟು, ಖಾಲಿ ಹಾಳೆ, ನಡುವೆ ಬರೆದ ಉದ್ರಿ ಲೆಕ್ಕ, ಬೀಜದ ಖರ್ಚು ಯಾವುದನ್ನೂ ಬಿಡಬೇಡಿ. ವಹಿಯ ಕಾಲ ಗೊತ್ತಾಗುವುದು ಹೆಚ್ಚಾಗಿ ಆ ಲೆಕ್ಕದಿಂದಲೇ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಎರಡೂ ತಪ್ಪು. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಶಾಯಿಯನ್ನು ತಿನ್ನುತ್ತದೆ. ಲ್ಯಾಮಿನೇಶನ್ನಿನ ಬಿಸಿಯಂತೂ ತಿರುಗಿ ಬಿಡಿಸಲಾಗದ ಹಾನಿ.

ವಹಿಯ ತೇದಿ ಓದುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಈ ಮೂರು ಜಿಲ್ಲೆಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವು, 1956ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಹಾಗಾಗಿ ಹಳೆಯ ವಹಿ, ಮಠದ ಇನಾಮು ಕಾಗದಗಳಲ್ಲಿ ಕಂದಾಯದ ಲೆಕ್ಕಕ್ಕಿದ್ದ ಫಸಲಿ ವರ್ಷ ಸಿಗುತ್ತದೆ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ತೇದಿಗೆ 590, ಜನವರಿಯಿಂದ ಮುಂದಿನದಕ್ಕೆ 591 ಕೂಡಿಸಿದರೆ ಇಸವಿ ಬರುತ್ತದೆ; ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರ್‌ವರೆಗೆ. ಸಂವತ್ಸರದ ಹೆಸರು ಮಾತ್ರ ಇದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ ಎಂಬುದನ್ನು ನೆನಪಿಡಿ. ವಿಶ್ವಾವಸು 2025-26ರಲ್ಲಿ ಬಂದಿದೆ. ಅದಕ್ಕೂ ಮುಂಚೆ 1965-66, 1905-06, 1845-46. ತಿಥಿಯ ಜೊತೆ ವಾರವನ್ನೂ ಬರೆದಿದ್ದರೆ ಈ ನಾಲ್ಕರಲ್ಲಿ ಯಾವುದೆಂದು ಪಂಚಾಂಗದಿಂದ ಹೆಚ್ಚಾಗಿ ಗೊತ್ತುಮಾಡಬಹುದು. ಬೀದರ್ ಕಡೆಯ ಕಾಗದಗಳಲ್ಲಿ ಮರಾಠಿಯ ಮೋಡಿ ಲಿಪಿ, ಸಂಸ್ಥಾನದ ಕಚೇರಿ ಕಾಗದಗಳಲ್ಲಿ ಉರ್ದು ಬರುತ್ತದೆ. ಓದಲು ಬರದ ಕಾಗದವನ್ನು ಊಹಿಸಿ ಬರೆಯಬೇಡಿ, ಬಲ್ಲವರಿಂದ ಓದಿಸಿ, ಓದಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿ.

ಕೇಳಿ ಬರೆಯುವ ಕೆಲಸಕ್ಕೆ ಒಂದು ತಾಸಿನ ಹಾಡಿಗೆ ಆರೆಂಟು ತಾಸು ಹಿಡಿಯುತ್ತದೆಂದು ಲೆಕ್ಕ ಹಾಕಿಕೊಳ್ಳಿ. ಎರಡು ಪಾಠಗಳನ್ನು ಬೇರೆಬೇರೆಯಾಗಿ ಸಿದ್ಧಪಡಿಸಬೇಕು. ಮೊದಲನೆಯದು ಉಲಿದಂತೆಯೇ ಬರೆದದ್ದು. ವಿವರಣೆಗೆಂದು ಇಲ್ಲೇ ಕಟ್ಟಿದ ಒಂದು ಸಾಲು ನೋಡಿ: ‘ಒಂಬತ್ತ ಬಾಗ್ಲ ಮನಿಯಾಗ ಒಬ್ಬಾಂವ ಕುಂತಾನ’. ಇದನ್ನು ‘ಒಂಬತ್ತು ಬಾಗಿಲ ಮನೆಯಲ್ಲಿ ಒಬ್ಬನು ಕುಳಿತಿದ್ದಾನೆ’ ಎಂದು ತಿದ್ದಿದರೆ ತಾಳವೂ ಹೋಯಿತು, ಪ್ರಾಸವೂ ಹೋಯಿತು, ಈ ಸೀಮೆಯ ಭಾಷೆಯ ಸಾಕ್ಷ್ಯವೂ ಹೋಯಿತು. ‘ಮನಿ’, ‘-ಯಾಗ’, ‘ಕುಂತಾನ’ ಇವು ತಪ್ಪುಗಳಲ್ಲ, ವ್ಯಾಕರಣ. ಎರಡನೆಯದು ಓದುವ ಪಾಠ: ಅದರಲ್ಲಿ ತಾಳಕ್ಕೆ ಸೇರಿದ ತುಂಬುಪದಗಳನ್ನು ಬಿಟ್ಟು, ಪಲ್ಲವಿ ಮತ್ತು ನುಡಿಗಳನ್ನು ವಿಂಗಡಿಸಿ, ಸಂಖ್ಯೆ ಹಾಕಿ. ಅಲ್ಲೂ ಪ್ರತ್ಯಯಗಳನ್ನು ಮುಟ್ಟಬೇಡಿ. ಸರಿಯಾಗಿ ಕೇಳಿಸದ ಪದವನ್ನು ಚೌಕ ಆವರಣದಲ್ಲಿಟ್ಟು ನಿಮಿಷ, ಸೆಕೆಂಡ್ ಬರೆಯಿರಿ. ಊಹೆಯಿಂದ ತುಂಬಿದ ಜಾಗ ಆರು ತಿಂಗಳ ಮೇಲೆ ನಿಮಗೇ ಖಚಿತವೆಂದು ಕಾಣತೊಡಗುತ್ತದೆ. ಗುರುತು ಹಾಕಿಟ್ಟರೆ ಮಾತ್ರ ಅದರಿಂದ ಪಾರು.

ಪದದ ಕೊನೆಗೆ ಬರುವ ಹೆಸರಾದ ಅಂಕಿತವನ್ನು ಕರ್ತೃವಿನ ಸಹಿ ಎಂದು ಓದುವುದು ಈ ಕ್ಷೇತ್ರದ ದೊಡ್ಡ ತಪ್ಪು. ಅಂಕಿತ ಹೆಚ್ಚಾಗಿ ಗುರುವಿನ ಹೆಸರು ಅಥವಾ ಊರ ದೇವರ ಹೆಸರು. ಶಿಶುನಾಳ ಶರೀಫರ ‘ಶಿಶುನಾಳಧೀಶ’ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಒಬ್ಬ ಗುರುವಿಗೆ ಹಲವು ಶಿಷ್ಯರು ಇದ್ದಾಗ ಒಂದೇ ಅಂಕಿತ ಹಲವರ ಪದಗಳಲ್ಲಿ ಬರಬಹುದು, ಅಥವಾ ಹಾಡುವವರು ತಮ್ಮ ಗುರುವಿನ ಹೆಸರನ್ನು ಅಲ್ಲಿ ಸೇರಿಸಬಹುದು. ಕಡಕೋಳದ ತತ್ವಪದಕಾರ ಮಡಿವಾಳಪ್ಪನವರ ಶಿಷ್ಯರೆಂದು ಪರಂಪರೆ ಹೇಳುವ ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಇವರ ಪದಗಳನ್ನು ಬಿಡಿಸುವಾಗ ಈ ಎಚ್ಚರ ಬೇಕೇ ಬೇಕು. ಅಂಕಿತದ ಜೊತೆಗೆ ಗುರುಪರಂಪರೆಯ ಹೇಳಿಕೆ, ವಹಿಯ ತಲೆಬರಹ, ಬೇರೆ ಮೇಳದ ಪಾಠ ಇವುಗಳಲ್ಲಿ ಎರಡಾದರೂ ಒಪ್ಪಿದಾಗ ಮಾತ್ರ ಕರ್ತೃವನ್ನು ಹೇಳಿ. ಒಪ್ಪದಿದ್ದರೆ ‘ಈ ಅಂಕಿತದ ಪದ’ ಎಂದಷ್ಟೇ ಬರೆದರೆ ಸಾಕು.

ಅರ್ಥ ಬರೆಯುವಾಗ ಸಂಖ್ಯೆಗಳು ಕಾಡುತ್ತವೆ. ಮೂರು ಎಂದರೆ ಜೀವಕ್ಕೆ ಅಂಟಿದ ಮೂರು ಕೊಳೆಗಳಾದ ಮಲತ್ರಯವೂ ಆಗಬಹುದು, ಗುಣತ್ರಯವೂ ಆಗಬಹುದು. ಆರು ಎಂದರೆ ವೈರಿಗಳೋ, ಚಕ್ರಗಳೋ, ವೀರಶೈವ ಸಾಧನೆಯ ಆರು ಹಂತಗಳಾದ ಷಟ್‌ಸ್ಥಲವೋ. ಎಂಟು ಎಂದರೆ ಮದಗಳು ಅಥವಾ ವೀರಶೈವರ ಎಂಟು ರಕ್ಷೆಗಳಾದ ಅಷ್ಟಾವರಣ. ನಿಘಂಟು ತೆರೆದು ಒಂದನ್ನು ಆರಿಸಿದರೆ ಆ ಪದವನ್ನು ಒಂದು ದರ್ಶನಕ್ಕೆ ಕಟ್ಟಿಹಾಕಿದಂತೆ. ಮೊದಲು ಅದೇ ಪದದ ಉಳಿದ ನುಡಿಗಳನ್ನು ನೋಡಿ: ಇಡಾ, ಪಿಂಗಳ, ಸುಷುಮ್ನೆ ಬಂದಿದ್ದರೆ ಯೋಗದ ಕಡೆ, ಲಿಂಗ, ಜಂಗಮ, ಪ್ರಸಾದ ಬಂದಿದ್ದರೆ ವೀರಶೈವದ ಕಡೆ ವಾಲಿರುತ್ತದೆ. ಪೀರ, ಮುರ್ಶದ (ಗುರು), ನೂರ (ಬೆಳಕು) ಬಂದಿದ್ದರೆ ಸೂಫಿ ಬಳಕೆಯನ್ನೂ ತೂಗಿ ನೋಡಬೇಕು. ಇವು ಮೂರೂ ಒಂದೇ ಪದದಲ್ಲಿ ಕೂಡುವುದು ಇಲ್ಲಿ ಅಸಹಜವೇನಲ್ಲ. ಖ್ವಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರ ಗುಡಿ, ತಿಂಥಣಿ ಮೌನೇಶ್ವರ, ಹುಮನಾಬಾದಿನ ಮಾಣಿಕಪ್ರಭು ಇರುವ ನಾಡಿದು. ಕೂಡಿದ್ದನ್ನು ಬಿಡಿಸಿ ಒಂದಕ್ಕೇ ಒಪ್ಪಿಸಬೇಡಿ. ಹಾಡುವವರು ಹೇಳಿದ ಅರ್ಥ, ಮಠದಲ್ಲಿ ಹೇಳುವ ಅರ್ಥ, ನಿಮ್ಮ ಅರ್ಥ ಮೂರನ್ನೂ ಬೇರೆಬೇರೆ ಸಾಲಿನಲ್ಲಿ, ಯಾರದು ಯಾವುದೆಂದು ಹೇಳಿ ಬರೆಯಿರಿ.

ಪಾಠಾಂತರ ಕೊಡುವಾಗ ಪ್ರತಿ ಪಾಠಕ್ಕೂ ಒಂದಕ್ಷರದ ಗುರುತು ಕೊಡಿ: ಮೇಳಕ್ಕೊಂದು, ವಹಿಗೊಂದು, ಮುದ್ರಿತ ಪುಸ್ತಕಕ್ಕೊಂದು. ಒಂದು ಪಾಠವನ್ನು ಆಧಾರವಾಗಿಟ್ಟು, ಏಕೆ ಅದನ್ನೇ ಆರಿಸಿದಿರೆಂದು ಹೇಳಿ, ಉಳಿದವನ್ನು ಕೆಳಗೆ ಕೊಡಿ. ಹತ್ತು ಪಾಠಗಳಿಂದ ಚೆಂದದ ಸಾಲುಗಳನ್ನು ಆಯ್ದು ಪೋಣಿಸಿದ ಪದವನ್ನು ಯಾವ ಊರಿನಲ್ಲೂ ಯಾರೂ ಹಾಡಿಲ್ಲ. ಅದು ಸಂಪಾದಕರ ಸ್ವಂತ ರಚನೆ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಆಗಲಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಬೆರಳಚ್ಚಾದ ಕಡತವನ್ನು ಪರಿವರ್ತಿಸಿದಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಕೆಲವು ಒತ್ತಕ್ಷರಗಳು ಬಿದ್ದುಹೋಗುತ್ತವೆ; ಸಾಲುಸಾಲಾಗಿ ಒಪ್ಪಿಸಿ ನೋಡಬೇಕು. ‘ಷಟ್‌ಸ್ಥಲ’, ‘ಷಟ್ಸ್ಥಲ’ ಎಂದು ಎರಡು ಬಗೆಯಲ್ಲಿ ಬರೆದರೆ ಹುಡುಕಿದಾಗ ಅರ್ಧವೇ ಸಿಗುತ್ತದೆ, ಆದ್ದರಿಂದ ಮೊದಲ ದಿನವೇ ಒಂದು ರೂಪ ಗೊತ್ತುಮಾಡಿ.

ಕೊನೆಗೆ ಹಾಡಿದವರಿಗೆ ಅವರ ಧ್ವನಿಯನ್ನೂ ಬರೆದ ಪಾಠವನ್ನೂ ಮರಳಿಸಬೇಕು. ಫೋನಿನಲ್ಲಿ ನೇರವಾಗಿ ಕೇಳಲು ಬರುವ ಎಂಪಿ3 ಕಡತಗಳನ್ನು ಮೆಮೊರಿ ಕಾರ್ಡಿಗೆ ಹಾಕಿ, ಪಾಠವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡಿ. ಪ್ರಬಂಧ ಒಪ್ಪಿಸುವ ಮೊದಲೇ ಕೊಟ್ಟರೆ ಅವರು ಓದಿಸಿ ಕೇಳಿ ಹೇಳುವ ತಿದ್ದುಪಡಿಗಳಿಗೆ ಜಾಗವಿರುತ್ತದೆ. ವೇವ್ ಮೂಲ ಕಡತ, ಚಿತ್ರಗಳು, ಒಪ್ಪಿಗೆಯ ಧ್ವನಿ, ಸೂಚಿ ಎಲ್ಲವನ್ನೂ ಹಾಡುಗಾರರ ಷರತ್ತುಗಳ ಸಮೇತ ನಿಮ್ಮ ವಿಭಾಗದ ಗ್ರಂಥಾಲಯಕ್ಕೆ ಒಪ್ಪಿಸಿ, ರಸೀದಿ ಪಡೆಯಿರಿ.