ಜೇನುತುಪ್ಪ ತೆಗೆದ ಮೇಲೆ ಚೌಕಟ್ಟು ಎತ್ತಿಡುವುದು: ನನ್ನ ಅನುಭವ

ಕೊಪ್ಪಳದ ಕಡೆ ಸೂರ್ಯಕಾಂತಿ ಮುಗಿದರೆ ಮುಂದಿನ ಹೂವಿನವರೆಗೆ ಜೇನುಪೆಟ್ಟಿಗೆಯ ತುಪ್ಪದ ಕೋಣೆಯ (ಹುಳಗಳು ತುಪ್ಪ ಕೂಡಿಡುವ ಮೇಲಿನ ಭಾಗ) ಚೌಕಟ್ಟುಗಳಿಗೆ ಕೆಲಸವಿಲ್ಲ. ಯಂತ್ರದಿಂದ ತುಪ್ಪ ತೆಗೆದ ಎರಿಯಲ್ಲಿ, ಅಂದರೆ ಚೌಕಟ್ಟಿನಲ್ಲಿ ಹುಳ ಕಟ್ಟಿದ ಮೇಣದ ಹಲ್ಲೆಯಲ್ಲಿ, ತುಪ್ಪದ ಪಸೆ ಉಳಿದೇ ಇರುತ್ತದೆ. ಹಾಗೇ ಇಟ್ಟರೆ ಹುಳಿಯುತ್ತದೆ, ಇರುವೆ ಮುತ್ತುತ್ತದೆ. ನಾನು ನೀರು ಮುಟ್ಟಿಸುವುದಿಲ್ಲ. ಹೊತ್ತು ಮುಳುಗಿದ ಮೇಲೆ ಅದೇ ಪೆಟ್ಟಿಗೆಗೆ ವಾಪಸ್ ಇಟ್ಟು, ಬಾಗಿಲನ್ನು ಎರಡು ಹುಳ ಹಿಡಿಸುವಷ್ಟು ಕಿರಿದು ಮಾಡುತ್ತೇನೆ. ಎರಡು ರಾತ್ರಿಯಲ್ಲಿ ನೆಕ್ಕಿ ಒಣಗಿಸಿಬಿಡುತ್ತವೆ. ಬಯಲಲ್ಲಿ ಮಾತ್ರ ಇಡಬೇಡಿ. ಹೂವಿಲ್ಲದ ಹೊತ್ತಲ್ಲಿ ತುಪ್ಪದ ವಾಸನೆ ಹಬ್ಬಿದರೆ ಗಟ್ಟಿ ಪೆಟ್ಟಿಗೆಯ ಹುಳಗಳು ಬಡಕಲು ಪೆಟ್ಟಿಗೆಗೆ ನುಗ್ಗಿ ದೋಚುತ್ತವೆ, ರೋಗವೂ ದಾಟುತ್ತದೆ.

ಆಮೇಲೆ ವಿಂಗಡಣೆ. ಎರಿಯನ್ನು ಬಿಸಿಲಿಗೆ ಹಿಡಿದು ಹಿಂದೆ ಬೆರಳಾಡಿಸುತ್ತೇನೆ. ನೆರಳು ಕಂಡರೆ ಉಳಿಸಿಕೊಳ್ಳುವುದು, ಕಪ್ಪಾಗಿ ಬೆಳಕೇ ದಾಟದಿದ್ದರೆ ಕರಗಿಸುವುದು. ಜೇನುಮರಿ ಬೆಳೆದ ಕಪ್ಪು ಎರಿಯಲ್ಲಿ ಆ ಮರಿಗಳು ಬಿಟ್ಟ ಪೊರೆ, ಪರಾಗ ಇರುತ್ತವೆ. ಎರಿ ಕೊರೆದು ಹಾಳುಮಾಡುವ ಮೇಣದ ಪತಂಗದ ಮರಿಗೆ ಬೇಕಾದದ್ದು ಅದೇ. ಬರೀ ಮೇಣ ತಿಂದು ಅದು ಸರಿಯಾಗಿ ಬೆಳೆಯದು. ಅದಕ್ಕೇ ಬಿಳಿ ಎರಿ, ಮರಿ ಬೆಳೆಯುವ ಸಂಸಾರ ಕೋಣೆಯ ಎರಿ ಒಂದೇ ಅಟ್ಟಿಯಲ್ಲಿ ಸೇರಿಸುವುದಿಲ್ಲ.

ಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ. ಏಪ್ರಿಲ್‌ನಲ್ಲಿ ಗಾಜು ಮುಚ್ಚಿದ ತಗಡಿನ ಡಬ್ಬಿಯೊಳಗೆ ಬಿಸಿಲೇ ಅಷ್ಟು ಕಾಯಿಸುತ್ತದೆ, ಸೌದೆ ಬೇಡ. ಕಪ್ಪು ಎರಿಯ ಪೊರೆ ಮಾತ್ರ ಮೇಣ ಹೀರಿಕೊಳ್ಳುತ್ತದೆ. ಅದನ್ನು ಗೋಣಿಚೀಲದಲ್ಲಿ ಕಟ್ಟಿ ಬಿಸಿನೀರಲ್ಲಿ ಒತ್ತಿ ಹಿಂಡಬೇಕು. ಗಡಸು ಬೋರ್ ನೀರು ಬಳಸಿದರೆ ಮೇಣದ ತಳ ಸಾಬೂನಿನಂತೆ ಪುಡಿಪುಡಿಯಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ. ಕಬ್ಬಿಣದ ಪಾತ್ರೆಯಲ್ಲಿ ಬಣ್ಣ ಕೆಡುತ್ತದೆ, ಸ್ಟೀಲ್ ವಾಸಿ. ಖಾಲಿಯಾದ ಚೌಕಟ್ಟನ್ನು ಉಳಿಯಿಂದ ಕೆರೆದು, 10 ಲೀಟರ್ ಕುದಿನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಹಾಕಿ ಐದು ನಿಮಿಷ ಅದ್ದಿ ತೊಳೆಯುತ್ತೇನೆ. ಕೈಗೆ ರಬ್ಬರ್ ಗವಸು ಇರಲಿ. ಚೌಕಟ್ಟಿನ ತಂತಿ ಸಡಿಲಾಗಿರುತ್ತದೆ, ಬಿಗಿದೇ ಹೊಸ ಎರಿಗೆ ಆಸರೆಯಾಗುವ ಮೇಣದ ಹಾಳೆ ಕೂರಿಸುವುದು.

ಉಳಿಸಿದ ಎರಿಯಲ್ಲಿ ಪತಂಗದ ಮೊಟ್ಟೆ ಕಣ್ಣಿಗೆ ಕಾಣದೆ ಇರಬಹುದು. ಡೀಪ್ ಫ್ರೀಜರ್ ಸಿಕ್ಕರೆ ಮೈನಸ್ 18ರಲ್ಲಿ ಒಂದು ದಿನ ಇಟ್ಟರೆ ಮೊಟ್ಟೆ ಸಮೇತ ಸಾಯುತ್ತದೆ. ತಣ್ಣಗಿರುವಾಗ ಎರಿ ಹಪ್ಪಳದಂತೆ ಮುರಿಯುತ್ತದೆ, ಹುಷಾರು. ಫ್ರೀಜರ್ ಇಲ್ಲದಿದ್ದರೆ ಗಂಧಕ: ಐದು ಪೆಟ್ಟಿಗೆಯ ಅಟ್ಟಿಗೆ 30 ಗ್ರಾಂ. ಅದರ ಹೊಗೆ ಕೆಳಗಿಳಿಯುವುದರಿಂದ ಮೇಲೊಂದು ಖಾಲಿ ಪೆಟ್ಟಿಗೆಯಿಟ್ಟು, ಅದರೊಳಗೆ ಮಣ್ಣಿನ ಬಟ್ಟಲಲ್ಲಿ ಉರಿಸಬೇಕು. ಬಟ್ಟಲಡಿಗೆ ಹೆಂಚಿರಲಿ, ಕಿಡಿ ಬಿದ್ದರೆ ಅಟ್ಟಿಯೇ ಹೋದೀತು. ಮನೆಯೊಳಗೆ ಮಾಡಬೇಡಿ. ಗಂಧಕಕ್ಕೆ ಮೊಟ್ಟೆ ಸಾಯುವುದಿಲ್ಲ, ಹತ್ತನೆಯ ದಿನ ಮತ್ತೆ ಹಾಕಲೇಬೇಕು. ಪೆಟ್ಟಿಗೆಗೆ ಹಾಕುವ ಮುನ್ನ ಎರಿ ಎರಡು ದಿನ ಗಾಳಿಗಿರಲಿ. ತುಪ್ಪ ತುಂಬಿದ ಎರಿಗೆ ಗಂಧಕ ಬೇಡ. ನುಸಿಗುಳಿಗೆ ಯಾವುದಕ್ಕೂ ಬೇಡ, ಅದು ಮೇಣಕ್ಕೆ ಇಳಿದು ತುಪ್ಪಕ್ಕೂ ಬರುತ್ತದೆ.

ತಗಡಿನ ಶೆಡ್ಡಿನಲ್ಲಿ ಬೇಸಿಗೆಗೆ ಎರಿ ಜೋತುಬೀಳುತ್ತದೆ. ನಮ್ಮ ಮಣ್ಣಿನ ಮಾಳಿಗೆಯ ಪಡಸಾಲೆ ಇದಕ್ಕೆ ಹೇಳಿ ಮಾಡಿಸಿದ ಜಾಗ: ತಂಪು, ಗಾಳಿ, ಬೆಳಕು. ಪತಂಗಕ್ಕೆ ಬೆಳಕು, ಗಾಳಿ ಎರಡೂ ಆಗದು. ಹತ್ತರ ಪೆಟ್ಟಿಗೆಗೆ ಎಂಟೇ ಚೌಕಟ್ಟು, ನೆಟ್ಟಗೆ, ಬೆರಳು ಹೋಗುವಷ್ಟು ಸಂದಿ ಬಿಟ್ಟು. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ಇಲಿ ಬಾರದಂತೆ ಮೇಲೂ ಕೆಳಗೂ ಜಾಲರಿ. ಮಳೆಗಾಲ ಹಿಡಿದ ಮೇಲೆ ವಾರಕ್ಕೊಮ್ಮೆ ಒಂದೊಂದೇ ಎತ್ತಿ ನೋಡುತ್ತೇನೆ: ಎರಿಯಲ್ಲಿ ಬಿಳಿ ಬಲೆಯ ಸುರಂಗ, ಅದರೊಳಗೆ ಗಸಗಸೆಯಂಥ ಕಪ್ಪು ಹಿಕ್ಕೆ ಕಂಡರೆ ಆ ಚೌಕಟ್ಟು ಅವತ್ತೇ ಬಿಸಿಲ ಡಬ್ಬಿಗೆ.