ಡಾಕ್ಟರ್ ಆಟ ಶುರುವಾದ್ಮೇಲೆ ಟೀಚರ್ ಏನ್ ಮಾಡ್ಬೇಕು

ಮೂರು ನಾಲ್ಕು ವರ್ಷದ ಮಕ್ಳು ಕ್ಲಾಸಲ್ಲಿ ಸುಳ್ಳುಸುಳ್ಳೇ ಡಾಕ್ಟರ್ ಆಟ, ಅಂಗಡಿ ಆಟ, ಬಸ್ ಆಟ ಅಂತ ಆಡ್ತಿದ್ರೆ ಟೀಚರ್‌ಗಳು ಒಂದೋ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ತಮ್ ಕೆಲಸ ನೋಡ್ಕೋತಾರೆ, ಇಲ್ಲಾ ಮಧ್ಯ ನುಗ್ಗಿ ಪಾಠ ಶುರು ಹಚ್ಕೋತಾರೆ. ನಾನು ಎರಡನೇ ಜಾತಿಯವ್ಳು. ಒಬ್ಬ ಹುಡ್ಗ ಕ್ರೇಯಾನನ್ನ ಥರ್ಮಾಮೀಟರ್ ಮಾಡ್ಕೊಂಡು ಗೊಂಬೆ ಕಂಕುಳಲ್ಲಿಟ್ಟು, ಮುಖ ಗಂಭೀರ ಮಾಡಿ "ಜ್ವರ ತುಂಬಾ ಇದೆ" ಅಂತಿದ್ದ, ನಾನು ಹೋಗಿ "ಆ ಕ್ರೇಯಾನ್ ಯಾವ ಕಲರ್ ಪುಟ್ಟಾ?" ಅಂದೆ. "ಬ್ಲೂ" ಅಂದ, ಕೆಳಗಿಟ್ಟ, ಎದ್ದು ಹೋದ. ಆಟ ಅಲ್ಲಿಗೇ ಮುಗೀತು.

ಆ ಕ್ರೇಯಾನ್ ಅವನ ಕೈಲಿ ಥರ್ಮಾಮೀಟರ್ ಆಗಿತ್ತಲ್ಲ, ಅದೇ ದೊಡ್ಡ ಕೆಲಸ. ಕಡ್ಡಿ ಕುದುರೆ ಆಗೋದನ್ನ ಇಟ್ಕೊಂಡೇ ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1933ರಲ್ಲಿ ಒಂದು ಉಪನ್ಯಾಸ ಕೊಟ್ಟಿದ್ರು, ವಸ್ತುವಿಂದ ಅದರ ಅರ್ಥವನ್ನ ಬಿಡಿಸ್ಕೊಳ್ಳೋದನ್ನ ಮಗು ಆಟದಲ್ಲೇ ಕಲಿಯತ್ತೆ ಅಂತ. ಮುಂದೆ ಕಾಗದದ ಮೇಲಿನ ಒಂದು ಗೀಟು 'ಅ' ಆಗೋದಕ್ಕೂ ಇದೇ ಬುದ್ಧಿ ಬೇಕು.

ಸರಿ, ಮೊದ್ಲು ಜಾಗ. ಒಂದು ಮೂಲೆ, ಒಂದು ಚಾಪೆ, ಒಂದು ಚಿಕ್ಕ ಟೇಬಲ್ ಸಾಕು. ರೆಡಿಮೇಡ್ ಪ್ಲಾಸ್ಟಿಕ್ ಸೆಟ್‌ಗಳಿಗೆ ಜಾಸ್ತಿ ಖರ್ಚು ಮಾಡ್ಬೇಡಿ, ಆಟದ ಸ್ಟೆತಾಸ್ಕೋಪ್ ಸ್ಟೆತಾಸ್ಕೋಪೇ ಆಗಿರತ್ತೆ, ಆದ್ರೆ ರಟ್ಟಿನ ಡಬ್ಬ ಇವತ್ತು ಎಕ್ಸ್‌ರೇ ಮಷಿನ್ ನಾಳೆ ಬಸ್ಸು. ಎರಡು ಎರಡೂವರೆ ವರ್ಷದವ್ರಿಗೆ ಮಾತ್ರ ನಿಜವಾದ್ದನ್ನ ಹೋಲೋ ಸಾಮಾನು ಬೇಕಾಗತ್ತೆ, ಸ್ವಲ್ಪ ದೊಡ್ಡವರಾದ್ಮೇಲೆ ಖಾಲಿ ಕೈಯನ್ನೇ ಕಿವಿಗಿಟ್ಟು ಫೋನ್ ಮಾಡ್ತಾರೆ. ಮೂರು ವರ್ಷದ ಒಳಗಿನವ್ರಿದ್ರೆ ಮಣಿ, ಗುಂಡಿ, ಬಟನ್ ಸೆಲ್ ಇರೋ ಸಾಮಾನು ಯಾವ್ದೂ ಹತ್ರ ಬರ್ಬಾರ್ದು. ಪೇಪರ್ ಪೆನ್ಸಿಲ್ ಅಂತೂ ಯಾವ ಆಟ ಆದ್ರೂ ಇರ್ಲಿ, ಮಾತ್ರೆ ಚೀಟಿ, ಬಿಲ್ಲು, ಟಿಕೆಟ್ ಅಂತ ಗೀಚ್ತಾರೆ, ಆ ಗೀಚಾಟವನ್ನ ತಿದ್ದಬೇಡಿ.

ಎರಡನೇದು ಟೈಮ್, ಎಲ್ರೂ ಎಡವೋದು ಇಲ್ಲೇ. ಯಾರು ಡಾಕ್ಟರ್ ಯಾರು ಪೇಶಂಟ್ ಅಂತ ಜಗಳ ಆಡಿ ತೀರ್ಮಾನ ಆಗೋದಕ್ಕೇ ಹತ್ತು ನಿಮಿಷ ಹೋಗತ್ತೆ, ನೀವು ಇಪ್ಪತ್ತು ನಿಮಿಷಕ್ಕೆ ಬೆಲ್ ಹೊಡೆದ್ರೆ ಮಕ್ಳು ಆಡಿದ್ದಕ್ಕಿಂತ ಜಗಳ ಆಡಿದ್ದೇ ಜಾಸ್ತಿ. ಅರ್ಧ ಗಂಟೆಗಿಂತ ಕಮ್ಮಿ ಬೇಡ. ಅಂದಹಾಗೆ ಆ ಜಗಳವೂ ದಂಡ ಅಲ್ಲ, ಇಬ್ರು ಡಾಕ್ಟರ್ ಇದ್ರೆ ಏನಾಯ್ತು ಅಂತ ಅವರೇ ಕಂಡ್ಕೋತಾರೆ.

ಎಲ್ರೂ ಬರೀ ಇಂಜೆಕ್ಷನ್ನೇ ಚುಚ್ತಿದ್ದಾರಾ? ಅವ್ರಿಗೆ ಗೊತ್ತಿರೋದೇ ಅಷ್ಟು. ಹಿಂದಿನ ದಿನ ಚಿತ್ರ ತೋರಿಸಿ, ಅಲ್ಲಿ ಹೆಸರು ಬರ್ಕೊಳ್ಳೋರು ಯಾರು, ಮಾತ್ರೆ ಕೊಡೋರು ಯಾರು, ಕಾಯ್ತಾ ಕೂತವರು ಏನ್ ಮಾಡ್ತಾರೆ ಅಂತ ಮಾತಾಡಿ, ಮಾರನೇ ದಿನ ಆಟವೇ ಬೇರೆ ಇರತ್ತೆ.

ನೀವು ಒಳಗೆ ಹೋಗ್ಲೇಬೇಕು ಅನ್ಸಿದ್ರೆ ಟೀಚರ್ ಆಗಿ ಹೋಗ್ಬೇಡಿ, ಪಾತ್ರ ಆಗಿ ಹೋಗಿ. ನಾನು ಆಮೇಲೊಂದಿನ ಹೊಟ್ಟೆ ಹಿಡ್ಕೊಂಡು ಚಾಪೆ ಮೇಲೆ ಕೂತು "ಡಾಕ್ಟ್ರೇ, ನನ್ ಸರದಿ ಯಾವಾಗ?" ಅಂದೆ ಅಷ್ಟೇ. ಮಕ್ಳು ಒಬ್ರ ಮುಖ ಒಬ್ರು ನೋಡ್ಕೊಂಡ್ರು, ಒಬ್ಳು ಓಡಿ ಹೋಗಿ ಚೀಟಿ ಹರಿದು 1, 2, 3 ಬರೆದು ಹಂಚಿದ್ಳು, 3 ತಿರುಗಾಮುರುಗಾ ಇತ್ತು, ನನಗೆ ಸಿಕ್ಕಿದ್ದು ಅದೇ, ಸುಮ್ನೆ ಕಾದೆ. ಹುಡ್ಗೀರೆಲ್ಲ ನರ್ಸೇ ಆಗ್ಬೇಕು ಅಂತ ಯಾರಾದ್ರೂ ರೂಲ್ ಮಾಡಿದ್ರೂ ಭಾಷಣ ಬೇಡ, "ಡಾಕ್ಟರಮ್ಮ ಇದ್ದಾರಾ?" ಅಂತ ಕೇಳ್ಕೊಂಡು ಹೋದ್ರೆ ಸಾಕು.

ದೂರ ನಿಂತು ನೋಡೋ ಮಗು ಒಂದಿರತ್ತೆ. "ಅವನನ್ನೂ ಸೇರಿಸ್ಕೊಳ್ರೋ" ಅಂತ ತಳ್ಳಬೇಡಿ, ನೋಡೋದೂ ಆಟದ ಭಾಗವೇ. ಎರಡು ಮೂರು ದಿನ ಆದ್ಮೇಲೆ ಕೈಗೊಂದು ಡಬ್ಬ ಕೊಟ್ಟು "ಇದು ಔಷಧಿ ಪಾರ್ಸೆಲ್, ಡಾಕ್ಟರಿಗೆ ತಲುಪಿಸ್ತೀಯಾ?" ಅನ್ನಿ. ಕೊಟ್ಟು ವಾಪಸ್ ಬಂದ್ರೂ ಪರವಾಗಿಲ್ಲ.

ಆಟ ಚೆನ್ನಾಗಿ ನಡೀತಿದ್ಯಾ ಅಂತ ತಿಳ್ಕೊಳ್ಳೋಕೆ ಮಕ್ಕಳ ಆಟದ ಬಗ್ಗೆ ಸಂಶೋಧನೆ ಮಾಡಿದ ಇಸ್ರೇಲಿನ ಮನಶ್ಶಾಸ್ತ್ರಜ್ಞೆ ಸಾರಾ ಸ್ಮಿಲಾನ್ಸ್ಕಿ 1968ರಲ್ಲಿ ಕೊಟ್ಟ ಅಳತೆಗಳು ಈಗ್ಲೂ ಉಪಯೋಗಕ್ಕೆ ಬರತ್ತೆ: ಪಾತ್ರ ಇದ್ಯಾ, ಒಂದು ವಸ್ತು ಇನ್ನೊಂದಾಗಿದ್ಯಾ, ಮಾತಲ್ಲೇ ಸನ್ನಿವೇಶ ಕಟ್ತಿದ್ದಾರಾ, ಒಬ್ರ ಜೊತೆ ಒಬ್ರು ಸೇರಿ ಮಾತಾಡ್ಕೊಂಡು ಆಡ್ತಿದ್ದಾರಾ, ಹತ್ತು ನಿಮಿಷ ಆದ್ರೂ ನಿಲ್ತಾ. ಡೈರಿಲಿ ಅವರು ಆಡಿದ ಮಾತನ್ನ ಹಾಗೇ ಬರ್ಕೊಳ್ಳಿ, ಪೇರೆಂಟ್ಸ್ "ಬರೀ ಆಟ ಆಡಿಸ್ತೀರಾ" ಅಂದಾಗ ಆ ಪುಟ ತೋರಿಸ್ಬೋದು.

ಸಂಜೆ ಎಲ್ಲಾ ಗುಡಿಸಿ ಎತ್ತಿಡೋ ಆಸೆ ಆಗತ್ತೆ, ಜಾಗ ಇದ್ರೆ ಹಾಗೇ ಬಿಡಿ. ಬೆಳಿಗ್ಗೆ ಬಂದವ್ರು ಬ್ಯಾಗ್ ಕೂಡ ಇಳಿಸದೆ ಗೊಂಬೆ ಜ್ವರ ನೋಡೋಕೆ ಹೋಗ್ತಾರೆ.