ಟ್ರಾನ್ಸ್‌ಫರ್‌ಗೂ ಭಾರಕ್ಕೂ ಒಂದೇ ಬೇರು: ಕಳೆದುಹೋದ ಧಾತುವನ್ನು ಹುಡುಕುವುದು ಹೇಗೆ?

ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್‌ಗಳ ಹಿಂದೆ ಒಂದೇ ಮೂಲ ಭಾಷೆ ಇತ್ತು. ಅದನ್ನು ಮೂಲ ಇಂಡೋ-ಯುರೋಪಿಯನ್ ಅನ್ನುತ್ತಾರೆ. ಆ ಭಾಷೆಯ ಒಂದು ಸಾಲು ಬರಹವೂ ಸಿಕ್ಕಿಲ್ಲ. ಆದರೂ ಅದರ ಧಾತುಗಳನ್ನು ಕಟ್ಟಬಹುದು. ‘ಹೊರು’ ಎಂಬ ಅರ್ಥದ ಒಂದನ್ನು ಹಿಡಿದು ನೋಡೋಣ.

ಮೊದಲು ಹಳೆಯ ರೂಪಗಳನ್ನು ಸಾಲಾಗಿ ಬರೆದುಕೊಳ್ಳಿ. ‘ಅವರು ಹೊರುತ್ತಾರೆ’ ಅನ್ನಲು ಸಂಸ್ಕೃತದಲ್ಲಿ ಭರಂತಿ, ಗ್ರೀಕಿನ ಡೋರಿಕ್ ಉಪಭಾಷೆಯಲ್ಲಿ ಫೆರೊಂತಿ, ಲ್ಯಾಟಿನ್ನಿನಲ್ಲಿ ಫೆರುಂತ್, ಗೋಥಿಕ್‌ನಲ್ಲಿ ಬೆರಂದ್. ಗೋಥಿಕ್ ಅಂದರೆ ಇಂಗ್ಲಿಷಿನ ನಂಟಿನ ಒಂದು ಹಳೆಯ ಭಾಷೆ. ಗ್ರೀಕಿನದು ನಮ್ಮ ಮಹಾಪ್ರಾಣ ಫ, ಲ್ಯಾಟಿನ್ನಿನದು ‘ಫ್ಯಾನ್’ನ ಫ. ಕನ್ನಡದ ಭಾರ, ಭೃತ್ಯ ಸಂಸ್ಕೃತದಿಂದ ಕಡ ಬಂದವು, ಸಾಕ್ಷಿಗೆ ಬೇಡ. ‘ಹೊರು’ ಕೂಡ ಬೇಡ. ಹಳಗನ್ನಡದ ಪೊಱು ‘ಫೆರ್’ ತರಹ ಕೇಳಿಸುತ್ತದೆ ನಿಜ, ಆದರೆ ಅದು ದ್ರಾವಿಡ ಪದ. ಹೋಲಿಕೆ ಸುಮ್ನೆ ಆಕಸ್ಮಿಕ.

ಹಾಗಾದರೆ ಭರಂತಿ-ಫೆರೊಂತಿ ಮಾತ್ರ ಆಕಸ್ಮಿಕ ಅಲ್ವಾ? ಬೇರೆ ಪದದಲ್ಲೂ ಅದೇ ಅದಲುಬದಲು ಇದೆಯಾ ನೋಡಿ. ಸಂಸ್ಕೃತದ ಭ್ರಾತಾಗೆ ಗ್ರೀಕ್, ಲ್ಯಾಟಿನ್‌ಗಳಲ್ಲಿ ಫ್ರಾತೇರ್, ಗೋಥಿಕ್‌ನಲ್ಲಿ ಬ್ರೋಥರ್. ಅದೇ ಸಾಲು! ಹಳಗನ್ನಡದ ಪಾಲ್, ಪುಲಿ, ಪಲ್ ಈಗಿನ ಕನ್ನಡದಲ್ಲಿ ಹಾಲು, ಹುಲಿ, ಹಲ್ಲು ಆದ ಹಾಗೆ, ಬದಲಾವಣೆ ನಿಯಮದಂತೆ ನಡೆದಿರಬೇಕು.

ಈಗ ಮೊದಲ ವ್ಯಂಜನ. ಅದು ಬ ಆಗಿರಬಹುದಾ? ಆಗಿದ್ದರೆ ಗೋಥಿಕ್‌ನಲ್ಲಿ ಪ ಬರಬೇಕಿತ್ತು. ಜರ್ಮನ್ ಭಾಷಾಶಾಸ್ತ್ರಜ್ಞ ಜೇಕಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮ ಇದು: ‘ದಶ’ದ ದ ಇಂಗ್ಲಿಷಿನ ‘ಟೆನ್’ನಲ್ಲಿ ಗಟ್ಟಿಯಾದದ್ದೂ ಹೀಗೆಯೇ. ಗ್ರೀಕಿನಲ್ಲಿ ಮಹಾಪ್ರಾಣ ಉಳಿದಿದೆ, ಗೋಥಿಕ್‌ನಲ್ಲಿ ಘೋಷ, ಅಂದರೆ ಬ, ದ, ಗಗಳಲ್ಲಿರುವ ಗಂಟಲಿನ ನಾದ, ಉಳಿದಿದೆ. ಎರಡೂ ಸೇರಿದರೆ ಭ.

ಸ್ವರದ ವಿಷಯಕ್ಕೇ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು. ಸಂಸ್ಕೃತದಲ್ಲಿ ಅ, ಉಳಿದ ಕಡೆ ಎ. ಸಂಸ್ಕೃತದ್ದೇ ಹಳೆಯದು ಅಂತ ಬಹಳ ಕಾಲ ನಂಬಿದ್ದರು. 1868ರಲ್ಲಿ ಭಾಷಾಶಾಸ್ತ್ರಜ್ಞ ಆಗಸ್ಟ್ ಶ್ಲೈಶರ್ ಮೂಲ ಭಾಷೆಯಲ್ಲೇ ಪುಟ್ಟ ಕಥೆ ಬರೆದಾಗಲೂ ಎ ಇರಬೇಕಾದಲ್ಲಿ ಅ ಹಾಕಿದರು. ಆದರೆ ಸಂಸ್ಕೃತವೇ ಗುಟ್ಟು ಬಿಟ್ಟುಕೊಡುತ್ತದೆ. ‘ಕೃ’ ಧಾತುವಿನಿಂದ ‘ಮಾಡಿದನು’ ಅನ್ನಲು ದ್ವಿತ್ವ ಮಾಡಿದರೆ, ಅಂದರೆ ಮೊದಲ ವ್ಯಂಜನವನ್ನು ಎರಡು ಸಲ ತಂದರೆ, ‘ಕಕಾರ’ ಆಗಬೇಕು. ಆಗುವುದು ‘ಚಕಾರ’. ಈ ಚ ಎಲ್ಲಿಂದ ಬಂತು? ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ಎ ಮುಂದಿದ್ದರೆ ಕ ಹೀಗೆ ಚ ಆಗುವುದುಂಟು. ಅಂದರೆ ಮೊದಲು ಕೆಕಾರ, ಆಮೇಲೆ ಚೆಕಾರ, ಎ ಅಳಿದು ಅ ಆಗಿ ಚಕಾರ. ಎ ಹೋಯಿತು, ಅದರ ಗುರುತು ಚ ಉಳಿಯಿತು. 1870ರ ದಶಕದಲ್ಲಿ ಇದು ಹೊಳೆದ ಮೇಲೆ ವಾದ ತಿರುಗಿಬಿತ್ತು. ಇಡೀ ವಿದ್ಯೆಯಲ್ಲಿ ನನಗೆ ಅತಿ ಇಷ್ಟವಾದ ತರ್ಕ ಇದೇ.

ಕೊನೆಯ ಪ್ರತ್ಯಯ ಸುಲಭ: ನಾಲ್ಕರಲ್ಲೂ ಅನುನಾಸಿಕ ಮತ್ತು ತ್ ಇವೆ; ಗೋಥಿಕ್‌ನ ದ್ ಸಹ ತ್‌ನಿಂದ ಬಂದದ್ದು. ಹಾಗಾಗಿ *ಭೆರೊಂತಿ, ಧಾತು *ಭೆರ್. ಎಲ್ಲೂ ಬರಹದಲ್ಲಿ ಸಿಗದ, ಊಹಿಸಿ ಕಟ್ಟಿದ ರೂಪ ಎನ್ನಲು ಆ ನಕ್ಷತ್ರ.

ಇನ್ನು ಸಂತತಿ. ಧಾತುವಿನ ಸ್ವರ ಎ-ಒ ಎಂದು ಬದಲಾಗುತ್ತದೆ, ಕೆಲವೆಡೆ ಬಿದ್ದೇಹೋಗುತ್ತದೆ. ಒ ಬಂದಲ್ಲಿ ಸಂಸ್ಕೃತದ ಭಾರ, ಗ್ರೀಕಿನ ಫೊರೊಸ್ ಅಂದರೆ ಕಪ್ಪ. ಬೆಳಕು ಹೊರುವ ಫಾಸ್ಫರಸ್ಸೂ ಇಲ್ಲಿನದೇ. ಸ್ವರ ಬಿದ್ದಲ್ಲಿ ಭೃತ, ಭೃತ್ಯ, ಇಂಗ್ಲಿಷಿನ ಬರ್ತ್ (ಹುಟ್ಟು). ಲ್ಯಾಟಿನ್ ಕಡೆಯಿಂದ ಬಂದದ್ದು ನೌಕರರ ನಿದ್ದೆ ಕೆಡಿಸುವ ಟ್ರಾನ್ಸ್‌ಫರ್: ಆಚೆಗೆ ಹೊತ್ತೊಯ್ಯುವುದು. ಹೊರುವ ‘ಬೇರ್’ ಈ ಮನೆಯದು. ಕರಡಿ ‘ಬೇರ್’ ಅಲ್ಲ.